ಒಂದು ಚಾಪೆಯಷ್ಟು ನೆಲ: ಮಗು ಯೋಚಿಸೋದನ್ನ ಎಲ್ಲಿಂದ ಕಲಿಯುತ್ತೆ?



ನಾನೊಬ್ಬ ಸಾಫ್ಟ್‌ವೇರ್ ಇಂಜಿನಿಯರ್. ಊರು ಸಾಗರದ ಹತ್ರ ಒಂದು ಹಳ್ಳಿ. ಸುರತ್ಕಲ್‌ನಲ್ಲಿ ಎಂ.ಟೆಕ್ ಮುಗಿಸಿ ಮುಂಬೈಗೆ ಬಂದು ಒಂಬತ್ತು ವರ್ಷ ಆಯ್ತು. ಮನೆ ಡೊಂಬಿವಲಿ ಈಸ್ಟ್, ಆಫೀಸು ಐರೋಲಿ. ವಾರಕ್ಕೆ ಮೂರು ದಿನ ಠಾಣೆಯಲ್ಲಿ ಟ್ರೇನ್ ಬದಲಾಯಿಸ್ಕೊಂಡು ಹೋಗ್ತೀನಿ, ಎರಡು ದಿನ ಮನೆಯಿಂದ ಕೆಲಸ. ಕ್ಯಾಮೆರಾ ಮುಂದೆ ಇರೋ ವಸ್ತು ಏನು ಅಂತ ಕಂಪ್ಯೂಟರ್ ಗುರುತಿಸೋ ಹಾಗೆ ಮಾಡೋದು ನನ್ನ ಕೆಲಸ. ಗೋದಾಮಿನಲ್ಲಿ ಡಬ್ಬ ಯಾವುದು, ಚೀಲ ಯಾವುದು, ಮನುಷ್ಯ ಯಾರು, ಇಷ್ಟೇ.

ಇವತ್ತು ಮಾತಾಡೋ ವಿಷಯ ಎಳೆ ಮಕ್ಕಳ ಬಗ್ಗೆ. ನಾನು ಡಾಕ್ಟರ್ ಅಲ್ಲ, ಮನಃಶಾಸ್ತ್ರ ಓದಿದವನೂ ಅಲ್ಲ. ಒಬ್ಬ ಅಪ್ಪ, ಅಷ್ಟೇ. ಹೆದರಿಕೆಯಿಂದ ಓದೋಕೆ ಶುರು ಮಾಡಿದೆ, ಓದ್ತಾ ಓದ್ತಾ ಬೆರಗಾಯ್ತು. ಎರಡನ್ನೂ ನಿಮ್ಮ ಮುಂದೆ ಇಡ್ತೀನಿ.

ಮೊದಲು ಹೆದರಿಕೆಯ ಕಥೆ. ನನ್ನ ಮಗಳಿಗೆ ಒಂಬತ್ತು ತಿಂಗಳಾದಾಗ ಲಸಿಕೆ ಹಾಕಿಸೋಕೆ ಹೋಗಿದ್ವಿ. ಜೋರು ಮಳೆ. ಡಾಕ್ಟರ್ ಅವಳನ್ನ ಒಂದು ಮ್ಯಾಟ್ ಮೇಲೆ ಕೂರಿಸಿ, ಎರಡಡಿ ದೂರದಲ್ಲಿ ಒಂದು ಕೆಂಪು ಬಟ್ಟಲು ಇಟ್ರು. ಪುಟ್ಟಿ ಬಟ್ಟಲು ನೋಡಿದ್ಲು, ಕೈ ಚಾಚಿದ್ಲು, ಸಿಗಲಿಲ್ಲ. ಆಮೇಲೆ ತಿರುಗಿ ನನ್ನ ಮುಖ ನೋಡಿ "ಹೂಂ ಹೂಂ" ಅಂದ್ಲು. ಅಂದ್ರೆ, ನೀನೇ ತಂದುಕೊಡು ಅಂತ. ಮುಂದಕ್ಕೆ ಬಾಗೋ ಪ್ರಯತ್ನ ಕೂಡ ಮಾಡಲಿಲ್ಲ.

ಡಾಕ್ಟರ್ ಒಂದೇ ಪ್ರಶ್ನೆ ಕೇಳಿದ್ರು: "ದಿನಕ್ಕೆ ಎಷ್ಟು ಹೊತ್ತು ನೆಲದ ಮೇಲೆ ಇರ್ತಾಳೆ?"

ನಾನು ಹೆಂಡತಿ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದ್ಲು. ಮನೆಗೆ ಬಂದು ಲೆಕ್ಕ ಹಾಕಿದೆ. ನಮ್ಮದು ಒಂದು ಬೆಡ್‌ರೂಮಿನ ಫ್ಲಾಟ್. ಹಾಲ್‌ನಲ್ಲಿ ಸೋಫಾ ಕಮ್ ಬೆಡ್, ಟೀಪಾಯಿ, ನನ್ನ ಕೆಲಸದ ಮೇಜು, ಬಟ್ಟೆ ಒಣಗಿಸೋ ಸ್ಟ್ಯಾಂಡ್. ಮಳೆಗಾಲದಲ್ಲಿ ಆ ಸ್ಟ್ಯಾಂಡ್ ಒಳಗೇ ಇರುತ್ತೆ. ಪುಟ್ಟಿ ಬೆಳಿಗ್ಗೆ ಜೋಲಿಯಲ್ಲಿ, ಆಮೇಲೆ ಬೆಲ್ಟ್ ಇರೋ ಪುಟ್ಟ ಕುರ್ಚಿಯಲ್ಲಿ, ಊಟಕ್ಕೆ ಕೂತಾಗ ಮೊಬೈಲ್ ಮುಂದೆ, ನಮ್ಮಿಬ್ಬರಿಗೂ ಕಾಲ್ ಇದ್ದಾಗ ವಾಕರ್‌ನಲ್ಲಿ, ಸಂಜೆ ತೊಡೆ ಮೇಲೆ. ನೆಲದ ಮೇಲೆ? ಇಪ್ಪತ್ತು ನಿಮಿಷ ಇರಬಹುದು. ಅದೂ ಡೈಪರ್ ಬದಲಾಯಿಸೋವಾಗಿನದು ಸೇರಿಸಿ.

ಅವತ್ತು ರಾತ್ರಿ ಹೆಂಡತಿ ಕೇಳಿದ್ಲು: "ರೀ, ನಾನು ಇಷ್ಟು ಬೇಗ ಕೆಲಸಕ್ಕೆ ವಾಪಸ್ ಹೋಗದೇ ಇದ್ದಿದ್ರೆ ಹೀಗಾಗ್ತಿರಲಿಲ್ಲ ಅಲ್ವಾ?" ನನ್ನ ಹತ್ರ ಉತ್ತರ ಇರಲಿಲ್ಲ. ಆದರೆ ಒಂದು ವಿಷಯ ಗಮನಿಸಿದೆ. ನಾನೂ ಕೆಲಸಕ್ಕೆ ಹೋಗ್ತೀನಿ, ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ.

ನಿದ್ದೆ ಬರಲಿಲ್ಲ. ಇಂಜಿನಿಯರ್‌ಗೆ ನಿದ್ದೆ ಬರದಿದ್ರೆ ಏನ್ಮಾಡ್ತಾನೆ? ಓದ್ತಾನೆ.

ಈ ವಿಷಯದಲ್ಲಿ ಮೊದಲು ಸಿಗೋ ಹೆಸರು ಜೀನ್ ಪಿಯಾಜೆ, ಸ್ವಿಟ್ಜರ್ಲೆಂಡಿನವರು. ಅವರು ದೊಡ್ಡ ಲ್ಯಾಬ್ ಕಟ್ಟಿ ಇದನ್ನ ಕಂಡುಹಿಡಿಯಲಿಲ್ಲ. 1925ರಲ್ಲಿ ಮೊದಲ ಮಗಳು ಹುಟ್ಟಿದ್ಲು, ಆಮೇಲೆ ಇನ್ನೊಬ್ಬ ಮಗಳು, ಒಬ್ಬ ಮಗ. ಅವರೂ ಅವರ ಹೆಂಡತಿಯೂ ಮಕ್ಕಳ ಪಕ್ಕದಲ್ಲಿ ಕೂತು, ಏನು ಮಾಡ್ತಾರೆ ಅಂತ ದಿನಾ ಬರೆದಿಟ್ಟರು. 1936ರಲ್ಲಿ ಅದು ಪುಸ್ತಕ ಆಯ್ತು. ಹುಟ್ಟಿನಿಂದ ಸುಮಾರು ಎರಡು ವರ್ಷದವರೆಗಿನ ಕಾಲಕ್ಕೆ ಅವರು ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಹೇಳೋದಾದ್ರೆ ಇಂದ್ರಿಯ-ಚಲನೆಯ ಹಂತ. ಮಗು ಕಣ್ಣು, ಕಿವಿ, ಬಾಯಿ, ಚರ್ಮ, ಕೈಕಾಲುಗಳಿಂದಲೇ ಯೋಚಿಸುತ್ತೆ ಅನ್ನೋದು ಅವರ ವಾದ. ಮೊದಲು ಯೋಚನೆ, ಆಮೇಲೆ ಕೆಲಸ ಅನ್ನೋದು ದೊಡ್ಡವರ ಕ್ರಮ. ಮಗುವಿಗೆ ಕೆಲಸವೇ ಯೋಚನೆ.

ಇದು ನನಗೆ ಅರ್ಥವಾಗಿದ್ದು ಒಂದು ಬೆಂಕಿಪೊಟ್ಟಣದಿಂದ. ಪಿಯಾಜೆಯ ಎರಡನೇ ಮಗಳು ಲೂಸಿಯೆನ್‌ಗೆ ಆಗ ಒಂದು ವರ್ಷ ನಾಲ್ಕು ತಿಂಗಳು. ಅಪ್ಪ ಒಂದು ಚಿಕ್ಕ ಸರಪಳಿಯನ್ನ ಬೆಂಕಿಪೊಟ್ಟಣದೊಳಗೆ ಇಟ್ಟು, ಸಣ್ಣ ಸಂದು ಮಾತ್ರ ಬಿಟ್ಟು ಕೊಟ್ಟರು. ಬೆರಳು ತೂರಿಸಿದ್ಲು, ಸರಪಳಿ ಸಿಗಲಿಲ್ಲ. ಆಗ ಅವಳು ಸುಮ್ಮನೆ ಆ ಸಂದನ್ನೇ ನೋಡ್ತಾ ತನ್ನ ಬಾಯಿ ತೆರೆದು ಮುಚ್ಚಿದ್ಲು. ಮೊದಲು ಸ್ವಲ್ಪ, ಆಮೇಲೆ ಇನ್ನೂ ಅಗಲ, ಇನ್ನೂ ಅಗಲ. ತಕ್ಷಣ ಬೆರಳನ್ನ ಸಂದಿಗೆ ಹಾಕಿ ಪೊಟ್ಟಣ ಎಳೆದು ತೆರೆದೇಬಿಟ್ಲು.

"ಇದನ್ನ ಇನ್ನೂ ಅಗಲ ಮಾಡಬೇಕು" ಅನ್ನೋದಕ್ಕೆ ಅವಳ ಹತ್ರ ಮಾತು ಇರಲಿಲ್ಲ. ಬಾಯಿ ಇತ್ತು. ಬಾಯಲ್ಲೇ ಯೋಚನೆ ಮಾಡಿದ್ಲು.

ಪಿಯಾಜೆ ಹೇಳಿದ ಇನ್ನೊಂದು ದೊಡ್ಡ ವಿಷಯ, ಕಣ್ಣಿಗೆ ಕಾಣದ ವಸ್ತು ಇನ್ನೂ ಇದೆ ಅನ್ನೋ ತಿಳಿವಳಿಕೆ. ಐದಾರು ತಿಂಗಳ ಮಗುವಿನ ಮುಂದೆ ಗಿಲಕಿ ಇಟ್ಟು ಅದರ ಮೇಲೆ ಟವೆಲ್ ಮುಚ್ಚಿ. ಎಷ್ಟೋ ಮಕ್ಕಳು ಅದನ್ನ ಮರೆತೇ ಬಿಟ್ಟ ಹಾಗೆ ಸುಮ್ಮನಾಗ್ತಾರೆ. ಎಂಟು ತಿಂಗಳ ಸುಮಾರಿಗೆ ಟವೆಲ್ ಎತ್ತಿ ಹುಡುಕ್ತಾರೆ. ನಮ್ಮ ಅಜ್ಜಿಯಂದಿರು ಸೆರಗು ಮುಖಕ್ಕೆ ಅಡ್ಡ ಹಿಡಿದು "ಎಲ್ಲಿ? ಎಲ್ಲಿ? ಇಲ್ಲಿ!" ಅಂತ ಆಡಿಸೋದು ಇದೇ ಪಾಠ. ಆ ವಯಸ್ಸಿನ ಮಗುವಿಗೆ ಅದು ಬರೀ ತಮಾಷೆ ಅಲ್ಲ, ಅಜ್ಜಿ ಹೋದ್ಲಾ ಇದಾಳಾ ಅನ್ನೋದು ನಿಜವಾದ ಪ್ರಶ್ನೆ.

ಪಿಯಾಜೆ ಹೇಳಿದ್ದೆಲ್ಲ ಕೊನೆಯ ಮಾತಲ್ಲ. 1985ರಲ್ಲಿ ರೆನೆ ಬಯಾರ್ಜಾನ್ ಮತ್ತು ಜೊತೆಗಾರರು ಬೇರೆ ಥರ ಪರೀಕ್ಷೆ ಮಾಡಿದ್ರು. ಕೈಯಿಂದ ಹುಡುಕಿಸೋ ಬದಲು ಮಗು ಎಷ್ಟು ಹೊತ್ತು ದಿಟ್ಟಿಸಿ ನೋಡುತ್ತೆ ಅಂತ ಅಳೆದ್ರು. ಒಂದು ಡಬ್ಬದ ಮುಂದೆ ಹಲಗೆ ಎತ್ತಿ, ಡಬ್ಬ ಇಲ್ಲವೇ ಇಲ್ಲ ಅನ್ನೋ ಹಾಗೆ ಆ ಹಲಗೆ ಪೂರ್ತಿ ಹಿಂದಕ್ಕೆ ಬೀಳೋದನ್ನ ತೋರಿಸಿದಾಗ, ಐದು ತಿಂಗಳ ಮಕ್ಕಳು ಹೆಚ್ಚು ಹೊತ್ತು ನೋಡಿದ್ರು. ಅಂದ್ರೆ ಏನೋ ಸರಿಯಿಲ್ಲ ಅನ್ನೋದು ಅವರಿಗೆ ಗೊತ್ತಾಗಿರಬಹುದು. ಹಾಗಾಗಿ ಮಗುವಿಗೆ ಪಿಯಾಜೆ ಅಂದುಕೊಂಡಿದ್ದಕ್ಕಿಂತ ಬೇಗ ತಿಳಿಯುತ್ತೆ ಅಂತ ಹಲವರು ಹೇಳ್ತಾರೆ, ಆ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಮೈ ಆಡಿಸೋದಕ್ಕೂ ಮನಸ್ಸು ಬೆಳೆಯೋದಕ್ಕೂ ಗಟ್ಟಿ ನಂಟಿದೆ ಅನ್ನೋ ಮಾತು ಉಳಿದುಕೊಂಡಿದೆ.

ಅದಕ್ಕೆ ಒಂದು ಪ್ರಸಿದ್ಧ ಪ್ರಯೋಗ ಇದೆ. 1963ರಲ್ಲಿ ರಿಚರ್ಡ್ ಹೆಲ್ಡ್ ಮತ್ತು ಆಲನ್ ಹೈನ್ ಅನ್ನೋರು ಬೆಕ್ಕಿನ ಮರಿಗಳ ಮೇಲೆ ಮಾಡಿದ್ದು. ನಮ್ಮ ಜಾತ್ರೆಯ ತಿರುಗಣೆ ಥರ ಒಂದು ಸಾಧನ. ಒಂದು ಕಡೆ ಒಂದು ಮರಿ ತನ್ನ ಕಾಲಿಂದ ನಡೆದು ಅದನ್ನ ತಿರುಗಿಸುತ್ತೆ. ಇನ್ನೊಂದು ಕಡೆ ಇನ್ನೊಂದು ಮರಿ ಬುಟ್ಟಿಯಲ್ಲಿ ಕೂತು ಸುಮ್ಮನೆ ಸುತ್ತುತ್ತೆ. ಬಾಕಿ ಹೊತ್ತು ಎರಡೂ ಕತ್ತಲಲ್ಲಿ. ಅಂದ್ರೆ ಇಬ್ಬರ ಕಣ್ಣಿಗೂ ಬೀಳೋ ದೃಶ್ಯ ಹೆಚ್ಚುಕಡಿಮೆ ಒಂದೇ. ಒಬ್ಬ ನಡೆದು ನೋಡಿದ, ಇನ್ನೊಬ್ಬ ಕೂತು ನೋಡಿದ.

ಆಮೇಲೆ ಪರೀಕ್ಷೆ ಮಾಡಿದ್ರೆ, ನಡೆದ ಮರಿಗೆ ಆಳ ಗೊತ್ತಾಗ್ತಿತ್ತು, ಮೇಜಿನ ಹತ್ರ ಇಳಿಸಿದಾಗ ಪಂಜ ಮುಂದೆ ಚಾಚ್ತಿತ್ತು. ಬುಟ್ಟಿಯ ಮರಿ ಚಾಚ್ತಿರಲಿಲ್ಲ. ಅದರ ಕಣ್ಣಲ್ಲಿ ದೋಷ ಇರಲಿಲ್ಲ. ನೋಡಿದ್ದಕ್ಕೂ ಮೈಗೂ ಗಂಟು ಬಿದ್ದಿರಲಿಲ್ಲ.

ಇದನ್ನ ಓದಿದಾಗ ನನ್ನ ಎದೆ ಧಸಕ್ ಅಂತು. ಬೆಲ್ಟ್ ಹಾಕಿದ ಕುರ್ಚಿ, ಮುಂದೆ ಮೊಬೈಲ್. ನನ್ನ ಮಗಳನ್ನ ನಾನು ಬುಟ್ಟಿಯಲ್ಲಿ ಕೂರಿಸಿದೀನಿ ಅನ್ನಿಸ್ತು. ಆದರೆ ಅದೇ ಪ್ರಬಂಧದ ಇನ್ನೊಂದು ಸಾಲನ್ನ ದಯವಿಟ್ಟು ನೆನಪಿಟ್ಟುಕೊಳ್ಳಿ. ಬುಟ್ಟಿಯ ಮರಿಗಳನ್ನ ಬೆಳಕಿನಲ್ಲಿ ಓಡಾಡೋಕೆ ಬಿಟ್ಟ ಮೇಲೆ, 48 ಗಂಟೆಯಲ್ಲಿ ಅವೂ ಸರಿಯಾದವು.

ಇನ್ನೊಂದು ಅಧ್ಯಯನ ನಮ್ಮ ದೇಶದ್ದೇ. 1688ರಲ್ಲಿ ಡಬ್ಲಿನ್‌ನ ವಿಲಿಯಂ ಮೊಲಿನೊ ಒಂದು ಪ್ರಶ್ನೆ ಬರೆದು ಕಳಿಸಿದ, ತತ್ವಜ್ಞಾನಿ ಜಾನ್ ಲಾಕ್‌ಗೆ. ಹುಟ್ಟು ಕುರುಡನೊಬ್ಬ ಮುಟ್ಟಿ ಮುಟ್ಟಿ ಗೋಲ ಯಾವುದು, ಘನ ಯಾವುದು ಅಂತ ಕಲಿತಿದಾನೆ. ಒಂದು ದಿನ ಅವನಿಗೆ ಕಣ್ಣು ಬಂದ್ರೆ, ಮುಟ್ಟದೆ ಬರೀ ನೋಡಿ ಹೇಳ್ತಾನಾ? ಮುನ್ನೂರು ವರ್ಷ ಇದು ಪುಸ್ತಕದ ಪ್ರಶ್ನೆಯಾಗೇ ಉಳಿದಿತ್ತು. ಎಂ.ಐ.ಟಿ.ಯ ಪವನ್ ಸಿನ್ಹಾ ಅವರು ಭಾರತದಲ್ಲಿ 'ಪ್ರಾಜೆಕ್ಟ್ ಪ್ರಕಾಶ್' ಅಂತ ಶುರು ಮಾಡಿದ್ರು. ಹುಟ್ಟಿನಿಂದ ಕಣ್ಣು ಕಾಣದ, ಆದರೆ ಚಿಕಿತ್ಸೆ ಮಾಡಿದ್ರೆ ಸರಿಹೋಗೋ ಮಕ್ಕಳನ್ನ ಹುಡುಕಿ ಆಪರೇಷನ್ ಮಾಡಿಸೋ ಕೆಲಸ. 2011ರಲ್ಲಿ ಅಂಥ ಐದು ಮಕ್ಕಳ ಫಲಿತಾಂಶ ಪ್ರಕಟ ಆಯ್ತು. ವಯಸ್ಸು 8ರಿಂದ 17. ಆಪರೇಷನ್ ಆದ 48 ಗಂಟೆಯೊಳಗೆ, ಕೈಯಲ್ಲಿ ಮುಟ್ಟಿದ ಆಟಿಕೆ ಬ್ಲಾಕ್ ಯಾವುದು ಅಂತ ಕಣ್ಣಲ್ಲಿ ನೋಡಿ ಹೇಳೋಕೆ ಹೇಳಿದ್ರು. ಉತ್ತರ ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಹಾಗೆ ಬಂತು. ಮುಟ್ಟಿದ್ದನ್ನ ಮುಟ್ಟಿ ಗುರುತಿಸ್ತಿದ್ರು, ನೋಡಿದ್ದನ್ನ ನೋಡಿ ಗುರುತಿಸ್ತಿದ್ರು, ಒಂದರಿಂದ ಇನ್ನೊಂದಕ್ಕೆ ದಾರಿ ಇರಲಿಲ್ಲ. ಆದರೆ ಕೆಲವೇ ದಿನಗಳಲ್ಲಿ ಆ ದಾರಿ ಬೆಳೀತು. ಈ ಪ್ರಬಂಧದ ಮೊದಲ ಲೇಖಕ ಯಾರು ಗೊತ್ತಾ? ಬೆಕ್ಕಿನ ಮರಿಯ ಅದೇ ರಿಚರ್ಡ್ ಹೆಲ್ಡ್. 48 ವರ್ಷ ಆದ್ಮೇಲೆ.

ಈಗ ನಮ್ಮ ಕಸುಬಿನ ಕಡೆ ಬರೋಣ. 1988ರಲ್ಲಿ ಹಾನ್ಸ್ ಮೊರಾವೆಕ್ ಅನ್ನೋ ರೋಬಾಟ್ ತಜ್ಞರು ಒಂದು ಮಾತು ಹೇಳಿದ್ರು. ಬುದ್ಧಿಮತ್ತೆ ಪರೀಕ್ಷೆಯಲ್ಲಿ, ಚೆಕರ್ಸ್ ಆಟದಲ್ಲಿ ಕಂಪ್ಯೂಟರನ್ನ ದೊಡ್ಡವರ ಮಟ್ಟಕ್ಕೆ ತರೋದು ಸುಲಭ, ನೋಡೋದರಲ್ಲಿ, ಓಡಾಡೋದರಲ್ಲಿ ಒಂದು ವರ್ಷದ ಮಗುವಿನ ಮಟ್ಟಕ್ಕೆ ತರೋದು ಬಹಳ ಕಷ್ಟ ಅಂತ. ನಾವು ಆಫೀಸಲ್ಲಿ ಒಂದು ಲೋಟ ಗುರುತಿಸೋಕೆ ಸಾವಿರಾರು ಫೋಟೋ ತಿನ್ನಿಸ್ತೀವಿ. ಮಗು ಒಂದೇ ಲೋಟವನ್ನ ಎತ್ತುತ್ತೆ, ನೆಕ್ಕುತ್ತೆ, ನೆಲಕ್ಕೆ ಬಡಿಯುತ್ತೆ, ಬೀಳಿಸುತ್ತೆ, ಉರುಳಿದ ಕಡೆ ನೋಡುತ್ತೆ, ಅದರ ಹಿಂದೆ ಹೋಗುತ್ತೆ. ನಾವು ಡೇಟಾ ಕೊಡ್ತೀವಿ. ಮಗು ತನ್ನ ಡೇಟಾ ತಾನೇ ಮಾಡಿಕೊಳ್ಳುತ್ತೆ.

ಇಷ್ಟೆಲ್ಲ ಓದಿ ತಲೆ ತುಂಬಿಸ್ಕೊಂಡಿದ್ದಾಗ ಊರಿಂದ ಅಮ್ಮ ಬಂದ್ಲು. ಬಾಗಿಲಲ್ಲಿ ಚೀಲ ಇಳಿಸಿ ಒಳಗೆ ನೋಡಿದವಳೇ, "ಏನೋ ಇದು, ಕೂಸನ್ನ ಕೊಟ್ಟಿಗೇಲಿ ಕರು ಕಟ್ಟಿದ ಹಾಗೆ ಕಟ್ಟಿದೀಯಲ್ಲೋ" ಅಂದ್ಲು. ಸಿಟ್ಟು ಬಂತು. ಮಾತು ನಿಜ ಇತ್ತಲ್ಲ, ಅದಕ್ಕೇ.

ಮಾರನೇ ದಿನ ಟೀಪಾಯಿ ಬಾಲ್ಕನಿಗೆ ಹೋಯ್ತು. ಸೋಫಾವನ್ನ ಗೋಡೆಗೆ ತಳ್ಳಿದ್ವಿ. ಊರಿಂದ ತಂದ ಚಾಪೆ ಹಾಸಿದ್ಲು. ಚಾಪೆ ಮೇಲೆ ಎರಡು ಸ್ಟೀಲ್ ಲೋಟ, ಮರದ ಸೌಟು, ಖಾಲಿ ಕುಂಕುಮದ ಭರಣಿ, ಒಂದು ಹಳೇ ಹತ್ತಿ ಸೀರೆ ತುಂಡು. ಪುಟ್ಟಿಯನ್ನ ಬೋರಲು ಮಲಗಿಸಿ ತಾನೂ ಪಕ್ಕದಲ್ಲಿ ಬೋರಲು ಮಲಗಿದ್ಲು. ಅರವತ್ತಮೂರು ವರ್ಷದ ಅಮ್ಮ.

ಮೊದಲ ವಾರ ನರಕ. ಪುಟ್ಟಿ ಅಳ್ತಾಳೆ. ಆಮೇಲೆ ಲೋಟ ಬಡಿಯೋಕೆ ಶುರು. ನಾನು ಕಾಲ್‌ನಲ್ಲಿದ್ದಾಗ ಠಣ್ ಠಣ್ ಠಣ್. ಒಂದು ದಿನ ತಡೆಯೋಕಾಗದೆ ಲೋಟ ಕಿತ್ತುಕೊಂಡೆ, ವಾಕರ್‌ಗೆ ಹಾಕು ಅಮ್ಮ ಅಂತ ರೇಗಿದೆ. ಅಮ್ಮ ಏನೂ ಅನ್ನಲಿಲ್ಲ. ಹೆಂಡತಿ ಎದ್ದು ಬಂದು, "ಮ್ಯೂಟ್ ಬಟನ್ ನಿಮ್ಮ ಹತ್ರ ಇದೆ, ಅವಳ ಹತ್ರ ಇಲ್ಲ" ಅಂದ್ಲು. ಲೋಟ ವಾಪಸ್ ಕೊಟ್ಟೆ.

ವಾಕರ್ ಬಗ್ಗೆ ಒಂದು ಮಾತು. ಕೆನಡಾ ದೇಶದಲ್ಲಿ 2004ರಿಂದ ಮಕ್ಕಳ ವಾಕರ್ ಮಾರೋದೇ ನಿಷೇಧ, ಮೆಟ್ಟಿಲಿಂದ ಉರುಳಿ ಪೆಟ್ಟಾಗುತ್ತೆ ಅಂತ. 1999ರಲ್ಲಿ ಅಮೆರಿಕದ ಒಂದು ಅಧ್ಯಯನದಲ್ಲಿ ವಾಕರ್ ಬಳಸಿದ ಮಕ್ಕಳು ಕೂರೋದು, ಅಂಬೆಗಾಲಿಡೋದು, ನಡೆಯೋದು ತಡವಾಗಿತ್ತು. ದೊಡ್ಡ ಟ್ರೇ ಇದ್ರೆ ಮಗುವಿಗೆ ತನ್ನ ಕಾಲೇ ಕಾಣಲ್ಲ. ಆದರೆ ಪ್ರಾಮಾಣಿಕವಾಗಿ ಇದನ್ನೂ ಹೇಳಬೇಕು. 1992ರಲ್ಲಿ ಜೋಸೆಫ್ ಕ್ಯಾಂಪೋಸ್ ತಂಡ ಎತ್ತರದ ಭಯ ಎಲ್ಲಿಂದ ಬರುತ್ತೆ ಅಂತ ನೋಡ್ತು. ವಯಸ್ಸಾದ ಹಾಗೆ ತಾನಾಗೇ ಬರುತ್ತೆ ಅನ್ನೋದಕ್ಕಿಂತ, ತಾನೇ ಓಡಾಡಿದ ಅನುಭವದಿಂದ ಬರುತ್ತೆ ಅಂತ ಕಂಡುಬಂತು. ಆ ಅನುಭವ ವಾಕರ್‌ನಿಂದ ಸಿಕ್ಕ ಮಕ್ಕಳಲ್ಲೂ ಆಳದ ಮೇಲೆ ಇಳಿಸಿದಾಗ ಎದೆಬಡಿತ ಏರಿತ್ತು. ಅಂದ್ರೆ ಮುಖ್ಯವಾದದ್ದು, ಮಗು ತನ್ನ ಇಷ್ಟದಿಂದ ತಾನೇ ಚಲಿಸೋದು. ಅದಕ್ಕೆ ನೆಲ ಇರೋವಾಗ ಅಪಾಯದ ಚಕ್ರ ಯಾಕೆ ಅಂತ ನಾವು ವಾಕರ್ ಕಳಿಸಿಬಿಟ್ವಿ.

ಮತ್ತೆ ಬೀಳೋದರ ಬಗ್ಗೆ. ನ್ಯೂಯಾರ್ಕಿನ ಕ್ಯಾರನ್ ಅಡಾಲ್ಫ್ ತಂಡ 2012ರಲ್ಲಿ ಎಣಿಸಿ ನೋಡ್ತು. 12ರಿಂದ 19 ತಿಂಗಳ ಮಕ್ಕಳು ಆಟದಲ್ಲಿ ಒಂದು ಗಂಟೆಗೆ ಸರಾಸರಿ 2,368 ಹೆಜ್ಜೆ ಇಡ್ತಾರೆ, 17 ಸಲ ಬೀಳ್ತಾರೆ. ಗಂಟೆಗೆ ಹದಿನೇಳು! ಅವರದೇ ಇನ್ನೊಂದು ಅಧ್ಯಯನದಲ್ಲಿ, ಅಂಬೆಗಾಲಲ್ಲಿ ಇಳಿಜಾರು ಎಷ್ಟು ಕಡಿದು ಅಂತ ಚೆನ್ನಾಗಿ ಕಲಿತ ಮಗು, ನಡೆಯೋಕೆ ಶುರು ಮಾಡಿದ ಕೂಡಲೇ ಅದೇ ಇಳಿಜಾರಿನಲ್ಲಿ ನುಗ್ಗಿಬಿಡುತ್ತೆ. ಹೊಸ ಮೈಗೆ ಹೊಸ ಪಾಠ, ಮೊದಲಿಂದ.

ಇನ್ನು ಈ ಊರಿನ ಒಂದು ವಿಷಯ ಹೇಳಲೇಬೇಕು. ವಿರಾರ್ ದಾಟಿ ಡಹಾಣು ಕಡೆ ಹೋದ್ರೆ ಬೋರ್ಡಿ, ಕೋಸಬಾಡ್ ಅನ್ನೋ ಊರುಗಳಿವೆ. ಮುಂಬೈಯಲ್ಲಿ ಹುಟ್ಟಿದ ತಾರಾಬಾಯಿ ಮೋಡಕ್ 1945ರಲ್ಲಿ ಬೋರ್ಡಿಯಲ್ಲಿ ಬಾಲವಾಡಿ ಶುರು ಮಾಡಿದ್ರು, ಜೊತೆಗೆ ಅನುತಾಯಿ ವಾಘ್. ಆಮೇಲೆ ಕೋಸಬಾಡ್‌ಗೆ ಹೋಗಿ ಆದಿವಾಸಿ ಮಕ್ಕಳ ಜೊತೆ ದಶಕಗಟ್ಟಲೆ ಕೆಲಸ. ವಿದೇಶಿ ಮಾಂಟೆಸೊರಿ ಸಾಮಾನು ದುಬಾರಿ, ಹಾಗಾಗಿ ಅಲ್ಲೇ ಸಿಗೋ ಕಪ್ಪೆಚಿಪ್ಪು, ಬೀಜ, ಕಲ್ಲು, ಎಲೆಗಳೇ ಕಲಿಕೆಯ ಸಾಮಾನು. ಮಕ್ಕಳು ಶಾಲೆಗೆ ಬರದಿದ್ರೆ ಶಾಲೆಯೇ ಅವರ ಅಂಗಳಕ್ಕೆ ಹೋಯ್ತು. ಮುಂದೆ 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ 33 ಕಡೆ ಅಂಗನವಾಡಿ ಯೋಜನೆ ಶುರು ಮಾಡ್ತು. ಅದರಲ್ಲಿ ಮುಂಬೈಯ ಧಾರಾವಿ ಒಂದು, ನಮ್ಮ ಟಿ. ನರಸೀಪುರ ಒಂದು. ಇವು ನನ್ನ ಪುಟ್ಟಿಗಿಂತ ದೊಡ್ಡ ಮಕ್ಕಳ ಕಥೆ ಅನ್ನೋದು ನಿಜ. ಆದ್ರೆ ಕೈಗೆ ಸಿಗೋ ಸಾಮಾನು, ಕೂರೋಕೆ ಅಂಗಳ, ಪಕ್ಕದಲ್ಲಿ ಒಬ್ಬ ಮನುಷ್ಯ, ಇಷ್ಟು ಸಾಕು ಅನ್ನೋದನ್ನ ಅವರು ನಮಗಿಂತ ಬಹಳ ಮುಂಚೆ ಮಾಡಿ ತೋರಿಸಿದ್ರು. ನಾನು ಆನ್‌ಲೈನ್‌ನಲ್ಲಿ 'ಬುದ್ಧಿ ಬೆಳೆಸೋ ಆಟಿಕೆ' ಅಂತ ಹುಡುಕ್ತಾ ಇದ್ದೆ.

ಹೆದರಿಕೆಗೆ ಉತ್ತರ ಕೊಟ್ಟಿದ್ದು ಮಾತ್ರ ಒಂದು ಪಟ್ಟಿ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಭಾರತ ಸೇರಿ ಐದು ದೇಶಗಳ ಮಕ್ಕಳನ್ನ ನೋಡಿ ಪ್ರಕಟಿಸಿದ್ದು. ಆಧಾರ ಇಲ್ಲದೆ ಕೂರೋದು 3.8ರಿಂದ 9.2 ತಿಂಗಳೊಳಗೆ. ಅಂಬೆಗಾಲು 5.2ರಿಂದ 13.5. ತಾನೇ ನಡೆಯೋದು 8.2ರಿಂದ 17.6. ಎಷ್ಟು ಅಗಲ ಇದೆ ನೋಡಿ. ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲೇ ಇಡದೆ ನಡೆದುಬಿಡ್ತಾರೆ. ಪಕ್ಕದ ಮನೆ ಮಗು ಎಂಟಕ್ಕೇ ನಿಂತ್ರೆ ನಿಮ್ಮ ಮಗು ಹಿಂದೆ ಬಿತ್ತು ಅಂತಲ್ಲ. ಆದ್ರೆ ಆ ಅಂಚು ದಾಟಿದ್ರೆ, ಅಥವಾ ಮಗು ಕಲಿತಿದ್ದನ್ನ ಬಿಟ್ಟರೆ, ಒಂದೇ ಕಡೆಯ ಕೈಕಾಲು ಮಾತ್ರ ಬಳಸಿದ್ರೆ, "ತಾನಾಗೇ ಸರಿಹೋಗುತ್ತೆ" ಅಂತ ಕೂರಬೇಡಿ, ಡಾಕ್ಟರ್ ಹತ್ರ ಹೋಗಿ.

ಅದೇ ಸಂಸ್ಥೆ 2019ರಲ್ಲಿ ಹೇಳಿದ್ದು: ಒಂದು ವರ್ಷದೊಳಗಿನ ಮಗುವಿಗೆ ಸ್ಕ್ರೀನ್ ಬೇಡ, ಎಚ್ಚರ ಇರೋವಾಗ ಒಂದೇ ಕಡೆ ಕಟ್ಟಿ ಕೂರಿಸೋದು ಒಂದು ಸಲಕ್ಕೆ ಒಂದು ಗಂಟೆ ಮೀರಬಾರದು, ಇನ್ನೂ ಓಡಾಡದ ಮಗುವಿಗೆ ದಿನಕ್ಕೆ ಒಟ್ಟು ಅರ್ಧ ಗಂಟೆಯಾದ್ರೂ ಬೋರಲು ಆಟ ಬೇಕು. ಹತ್ತಿರ ಇದ್ದು ನೋಡ್ಕೋಬೇಕು, ನುಂಗೋ ಸಾಮಾನು ಕೈಗೆ ಸಿಗಬಾರದು. ಇಷ್ಟೇ. ದುಡ್ಡು ಖರ್ಚಿಲ್ಲ. ಖರ್ಚು ಆಗೋದು ನಮ್ಮ ಹೊತ್ತು, ನಮ್ಮ ತಾಳ್ಮೆ. ಅದು ಈ ಊರಲ್ಲಿ ಎಲ್ಲಕ್ಕಿಂತ ದುಬಾರಿ ಅಂತ ನನಗೂ ಗೊತ್ತು. ಅದಕ್ಕೇ ತಾಯಂದಿರ ಮೇಲೆ ಮಾತ್ರ ಹೊರಿಸಬೇಡಿ. ಈಗ ನಮ್ಮನೇಲಿ ಬೆಳಿಗ್ಗೆ ಏಳರಿಂದ ಏಳೂ ಮುಕ್ಕಾಲು ಚಾಪೆ ನನ್ನದು. ಸ್ಟಾಂಡ್‌ಅಪ್ ಮೀಟಿಂಗ್‌ಗಿಂತ ಮುಂಚೆ, ಬೋರಲು ಮೀಟಿಂಗ್.

ಐದು ವಾರ ಆಗಿತ್ತು. ಒಂದು ಭಾನುವಾರ ಅಮ್ಮ ಅಡಿಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕಿದ್ಲು. ಸಾಸಿವೆ ಚಟಪಟ ಅಂತು. ಪುಟ್ಟಿ ತಲೆ ಎತ್ತಿದ್ಲು. ಕೈಯಲ್ಲಿದ್ದ ಲೋಟ ಬಿಟ್ಟಳು. ಒಂದು ಮೊಣಕಾಲು, ಒಂದು ಕೈ. ನಿಂತಳು, ತೂಗಿದಳು, ಮೂಗು ಮುಂದಾಗಿ ಚಾಪೆಗೆ ಬಿದ್ದಳು. ನಾನು ಎತ್ತೋಕೆ ಹೋದೆ, ಹೆಂಡತಿ ನನ್ನ ಅಂಗಿ ಹಿಡಿದು ಎಳೆದಳು. ಪುಟ್ಟಿ ಅಳಲಿಲ್ಲ. ಮತ್ತೆ ಎದ್ದು ಚಾಪೆ ದಾಟಿ, ಟೈಲ್ಸ್ ದಾಟಿ, ಅಡಿಗೆಮನೆ ಬಾಗಿಲಿನ ಕಲ್ಲಿನ ಪಟ್ಟಿ ಹತ್ರ ಬಂದು ನಿಂತಳು. ಫ್ಲಾಟಿನಲ್ಲಿ ಹೊಸ್ತಿಲು ಅಂದ್ರೆ ಅರ್ಧ ಇಂಚಿನ ಕಲ್ಲು. ಅದನ್ನ ಕೈಯಲ್ಲಿ ಸವರಿದಳು, ತಟ್ಟಿದಳು, ಬಗ್ಗಿ ಬಾಯಿ ಹಾಕಿದಳು. ಆಮೇಲೆ ದಾಟಿದಳು.

ಆ ಕಲ್ಲನ್ನ ನಾನು ಆರು ವರ್ಷದಿಂದ ದಿನಾ ದಾಟ್ತಾ ಇದೀನಿ. ಅದು ತಣ್ಣಗಿದೆ ಅಂತ ಅವತ್ತು ಮುಟ್ಟಿ ನೋಡಿದ ಮೇಲೆ ಗೊತ್ತಾಯ್ತು.

ಅಮ್ಮ ಗ್ಯಾಸ್ ಆರಿಸಿ ಪುಟ್ಟಿಯನ್ನ ಎತ್ತಿಕೊಂಡ್ಲು. "ಕೂಸು ಹೊಸ್ತಿಲು ದಾಟ್ತು, ಹೋಗೋ, ಒಂದು ತೆಂಗಿನಕಾಯಿ ತಗೊಂಬಾ" ಅಂದ್ಲು. ಮಳೆಯಲ್ಲಿ ಕೆಳಗಿಳಿದು ಹೋದೆ. ಅಂಗಡಿಯವನು ಮರಾಠಿಯಲ್ಲಿ, ಇವತ್ತೇನು ಹಬ್ಬವಾ ಅಂತ ಕೇಳಿದ. ಹೌದು ಅಂದೆ.

ಅಮ್ಮ ಈಗ ಊರಿಗೆ ಹೋಗಿದಾಳೆ. ಚಾಪೆ ಇಲ್ಲೇ ಇದೆ. ನಿಮ್ಮ ಮನೆಯಲ್ಲಿ ಎಳೆ ಮಗು ಇದ್ರೆ, ಈ ವಿಡಿಯೋ ಮುಗಿದ ಮೇಲೆ ಫೋನ್ ಪಕ್ಕಕ್ಕಿಟ್ಟು ಒಂದು ಹತ್ತು ನಿಮಿಷ ಮಗುವಿನ ಪಕ್ಕ ನೆಲದ ಮೇಲೆ ಮಲಗಿ ನೋಡಿ. ಏನೂ ಕಲಿಸಬೇಡಿ. ಅದು ಏನು ಮಾಡುತ್ತೆ ಅಂತ ನೋಡಿ, ಸಾಕು.